ಮಾಡಿದ ಕೈಗೇ ವಾಪಸ್

ಸಿಯಾಲ್‌ಕೋಟ್‌ನ ಹಾಜಿ ಸಾಹೇಬರ ಕಾರ್ಖಾನೆಯಿಂದ ಜರ್ಮನಿಗೆ ಹೋಗುವ ಸರಕನ್ನು ಕೊನೆಯದಾಗಿ ಮುಟ್ಟುತ್ತಿದ್ದ ಕೈ ಚಿರಾಗ್ ದೀನನದು. ಆಪರೇಷನ್ ಮಾಡುವಾಗ ರಕ್ತನಾಳವನ್ನು ಕಚ್ಚಿ ಹಿಡಿಯುವ ಇಕ್ಕಳಗಳು ದಿನವೆಲ್ಲ ಅವನ ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು. ನೋಡಲು ಕತ್ತರಿಯ ಹಾಗೇ, ಆದರೆ ಅಲಗಿನ ಬದಲು ಮೂತಿ. ಬೆರಳು ತೂರಿಸುವ ಉಂಗುರಗಳ ಹತ್ತಿರ ಒಂದಕ್ಕೊಂದು ಸಿಕ್ಕಿಕೊಳ್ಳುವ ಸಣ್ಣ ಹಲ್ಲು. ಚಿರಾಗ್ ದೀನ್ ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು ಮೂತಿಗಳ ನಡುವೆ ಸಂದಿ ಇದೆಯೇ ಎಂದು ನೋಡುತ್ತಿದ್ದ. ಆಮೇಲೆ ಮೊದಲ ಹಲ್ಲಿಗೆ ಸಿಕ್ಕಿಸಿ ಮರದ ಹಲಗೆಗೆ ಒಮ್ಮೆ ಟಪ್ಪೆಂದು ತಟ್ಟುತ್ತಿದ್ದ. ತಟ್ಟಿದರೂ ಹಿಡಿತ ಬಿಡದಿದ್ದರೆ ಅದು ಜರ್ಮನಿಗೆ. ಬಾಯಿ ಬಿಟ್ಟರೆ ಪಕ್ಕದ ಬುಟ್ಟಿಗೆ. ಇದರಲ್ಲಿ ಮಹಾ ವಿದ್ಯೆಯೇನೂ ಇಲ್ಲ. ತಾಳ್ಮೆ ಇರಬೇಕು, ಮುಲಾಜು ಇರಬಾರದು. ತಾಳ್ಮೆಯಂತೂ ಅವನಿಗಿತ್ತು.

ಜರ್ಮನಿಯವರು ತಾವು ಒಂದು ಕಾರ್ಖಾನೆಗೆ ಕೆಲಸ ಕೊಟ್ಟಿದ್ದೇವೆ ಎಂದುಕೊಂಡಿದ್ದರು. ಕಾರ್ಖಾನೆ ಆ ಕೆಲಸವನ್ನು ಪಕ್ಕದ ಹಳ್ಳಿ ಕೋಟ್ಲಿಗೆ ಇಡಿಯಾಗಿ ಹಂಚಿತ್ತು. ನಮ್ಮ ಕೋಟ್ಲಿಯಲ್ಲಿ ಅರ ಹಿಡಿಯದ ಮನೆ ಇಲ್ಲ. ಅಂಗಳದಲ್ಲಿ ಒಂದು ಕಡೆ ಎಮ್ಮೆ, ಒಂದು ಕಡೆ ಕಬ್ಬಿಣವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವೈಸ್ ಕಟ್ಟಿದ ಬೆಂಚು. ಗಂಡಸರು ಇಕ್ಕಳಕ್ಕೆ ಅರ ಹಾಕಿ ಹಲ್ಲು ಕೂಡಿಸಿ, ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಕಾರ್ಖಾನೆಗೆ ತರುತ್ತಿದ್ದರು. ವರ್ಷಕ್ಕೊಮ್ಮೆ ಬರುತ್ತಿದ್ದ ಜರ್ಮನ್ ಸಾಹೇಬ ಕಾರ್ಖಾನೆಯ ದೀಪ ನೋಡುತ್ತಿದ್ದ, ಕಕ್ಕಸು ನೋಡುತ್ತಿದ್ದ, ಬೆಂಕಿ ನಂದಿಸುವ ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದ, ಚಿರಾಗ್ ದೀನನ ಹಲಗೆಯ ಮೇಲೆ ತಾನೂ ಒಂದೆರಡು ಇಕ್ಕಳ ತಟ್ಟಿ ನಗುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಆದರೆ ಅವನ ತಪಾಸಣೆ ನಮ್ಮ ಗೇಟಿನ ಹತ್ತಿರ ಮುಗಿದುಹೋಗುತ್ತಿತ್ತು.

ಫೇಲಾದ ಪ್ರತಿಯೊಂದು ಇಕ್ಕಳವನ್ನೂ ಕೀಲಿನಲ್ಲೇ ಮುರಿದು ಹಾಕಬೇಕು ಎಂಬುದು ಜರ್ಮನಿಯವರ ಕಟ್ಟುನಿಟ್ಟಿನ ನಿಯಮ. ಕೆಟ್ಟ ಮಾಲು ತಮ್ಮ ಹೆಸರಲ್ಲಿ ಎಲ್ಲಾದರೂ ಮಾರಾಟವಾಗಿ ಮಾನ ಹೋದೀತು ಎಂಬ ಭಯ. ನಮ್ಮ ಪದ್ಧತಿ ಬೇರೆ. ಫೇಲಾದ ಮಾಲು ಮಾಡಿದ ಕೈಗೇ ವಾಪಸ್. ಒಬ್ಬ ಮಿಸ್ತ್ರಿಯ ಕೆಲಸವನ್ನು ನಾಲ್ಕು ಜನರ ಎದುರು ಮುರಿಯುವುದೆಂದರೆ ಅವನ ತಲೆಯ ಪೇಟ ಕಿತ್ತು ಬೀದಿಗೆಸೆದ ಹಾಗೆ. ಕೋಟ್ಲಿಯಲ್ಲಿ ತಲೆತಲಾಂತರದಿಂದ ಯಾರೂ ಅದನ್ನು ಮಾಡಿದವರಲ್ಲ. ಹೀಗಾಗಿ ಸಾಹೇಬ ಬಂದ ದಿನ ಒಂದು ಹಿಡಿ ಇಕ್ಕಳ ಮುರಿದು ಫೋಟೋ ಹೊಡೆಸುವುದು, ಅವನ ಕಾರು ಧೂಳೆಬ್ಬಿಸಿ ಹೋದ ಮೇಲೆ ಉಳಿದದ್ದನ್ನು ಗೋಣಿಚೀಲದಲ್ಲಿ ಕಟ್ಟಿ ಕೋಟ್ಲಿಗೆ ಕಳಿಸುವುದು. ಒಮ್ಮೆ ಅವನು, ಮುರಿಯದೆ ಬುಟ್ಟಿಯಲ್ಲಿರುವ ಇವೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದಾಗ ಮ್ಯಾನೇಜರ್ ತೌಕೀರ್, ಕರಗಿಸುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಚಿರಾಗ್ ದೀನನಿಗೆ ಇಂಗ್ಲಿಷ್ ಬರದಿದ್ದರೂ ಆ ಮಾತು ಅರ್ಥವಾಯಿತು. ತಲೆ ಬಗ್ಗಿಸಿಕೊಂಡು ತಟ್ಟುತ್ತಾ ಕೂತ.

ವಾಪಸ್ ಬಂದ ಮಾಲಿಗೆ ಕೂಲಿ ಇಲ್ಲ. ಮನೆಯಲ್ಲಿಟ್ಟು ಪೂಜಿಸಲಾಗುತ್ತದೆಯೇ? ಬಜಾರಿನ ವ್ಯಾಪಾರಿಗಳು ಬಂದು ತೂಕಕ್ಕೆ ಒಯ್ಯುತ್ತಿದ್ದರು, ಮತ್ತೆ ಹೊಳಪು ಕೊಟ್ಟು ಸುತ್ತಲಿನ ಸಣ್ಣಪುಟ್ಟ ಆಸ್ಪತ್ರೆಗಳಿಗೆ ಮಾರುತ್ತಿದ್ದರು. ಇದರಲ್ಲಿ ಕಳ್ಳರು ಯಾರೂ ಇಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಒಳ್ಳೆಯವರು. ಬಿಳಿಯರ ಹೊಟ್ಟೆಗೆ ಆಗದ ಇಕ್ಕಳ ನಮ್ಮವರ ಹೊಟ್ಟೆಗಾದರೆ ಸಾಕು ಎಂದು ಒಬ್ಬನೂ ಬಾಯಿಬಿಟ್ಟು ಹೇಳಲಿಲ್ಲ, ಹೇಳದೆಯೇ ನಡೆಸಿಕೊಂಡು ಹೋದರು. ನನಗೆ ಮೈ ಉರಿಯುವುದು ಅಲ್ಲೇ.

ಚಿರಾಗ್ ದೀನನಿಗೆ ಅರ ಹಿಡಿಯುವುದನ್ನು ಕಲಿಸಿದವರು ಕೋಟ್ಲಿಯ ಉಸ್ತಾದ್ ಇಮಾಮ್ ಬಕ್ಷ್. ಅಪ್ಪ ಸತ್ತಾಗ ಚಿರಾಗ್ ದೀನ್ ಇನ್ನೂ ಮೂಗು ಸುರಿಸುವ ಹುಡುಗ. ಅವರು ಕೈಹಿಡಿದು ಕರೆದುಕೊಂಡು ಹೋಗಿ ತಮ್ಮ ಬೆಂಚಿನ ಬುಡದಲ್ಲಿ ಕೂರಿಸಿಕೊಂಡರು. ಅವರ ಮನೆಯ ರೊಟ್ಟಿ ತಿಂದೇ ದೊಡ್ಡವನಾದ. ಮದುವೆಗೂ ಅವರೇ ಹಿರಿಯರಾಗಿ ನಿಂತರು. ಉಸ್ತಾದ್ ಮಾಡಿದ ಇಕ್ಕಳಕ್ಕೆ ಒಂದು ಗುರುತಿತ್ತು: ಉಂಗುರದ ಒಳಮೈಗೆ ಓರೆಯಾಗಿ ಒಂದು ಅರ ಜಾಸ್ತಿ ಎಳೆಯುತ್ತಿದ್ದರು, ವೈದ್ಯರ ಬೆರಳಿಗೆ ಒತ್ತಬಾರದೆಂದು. ಕೋಟ್ಲಿಯಲ್ಲಿ ಬೇರೆ ಯಾರೂ ಆ ಉಸಾಬರಿಗೆ ಹೋಗುತ್ತಿರಲಿಲ್ಲ.

ವಯಸ್ಸಾದ ಮೇಲೆ ಅವರ ಕಣ್ಣಿಗೆ ಪೊರೆ ಬಂತು, ಕೈ ನಡುಗತೊಡಗಿತು. ತಂದ ಗಂಟಿನಲ್ಲಿ ಬುಟ್ಟಿಗೆ ಬೀಳುವುದೇ ಹೆಚ್ಚಾಯಿತು. ಚಿರಾಗ್ ದೀನ್ ಅವುಗಳನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ, ಯಾರೂ ನೋಡದ ಹಾಗೆ ಅವರ ಚೀಲಕ್ಕೆ ಸೇರಿಸುತ್ತಿದ್ದ.

"ಏನೋ ಚಿರಾಗಾ, ನಿನ್ನ ಹಲಗೆಗೆ ನನ್ನ ಮೇಲೆ ಏನೋ ಹಗೆ?" ಎನ್ನುತ್ತಿದ್ದರು ಉಸ್ತಾದ್, ಚೀಲದ ಭಾರ ನೋಡಿ.

"ಹಲಗೆ ಹಳೇದಾಯ್ತು ಉಸ್ತಾದ್‌ಜೀ. ಅದಕ್ಕೂ ಬುದ್ಧಿ ಇಲ್ಲ, ನನಗೂ ಇಲ್ಲ."

"ಗುಲಾಮ, ಸುಳ್ಳಾದ್ರೂ ನೆಟ್ಟಗೆ ಹೇಳೋದು ಕಲಿ," ಎಂದು ನಗುತ್ತಾ ಹೋಗುತ್ತಿದ್ದರು.

ಉಸ್ತಾದರ ಮಗ, ಸೊಸೆ ಇಬ್ಬರೂ ಹಿಂದೆಯೇ ತೀರಿಕೊಂಡಿದ್ದರು. ಉಳಿದವಳು ಮೊಮ್ಮಗಳು ಕುಲ್ಸುಮ್ ಒಬ್ಬಳೇ. ಗುಜ್ರಾನ್‌ವಾಲಾಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮೊದಲ ಹೆರಿಗೆಗೆಂದು ಅಜ್ಜನ ಮನೆಗೆ ಬಂದಿದ್ದಳು. ನೋವು ಶುರುವಾದಾಗ ಡಸ್ಕಾ ರಸ್ತೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಕರೆದೊಯ್ದರು. ಮಗು ಅಡ್ಡ ಬಂದಿದೆ, ಹೊಟ್ಟೆ ಕೊಯ್ಯಬೇಕು ಎಂದರು. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಗೆ ಫೋನು ಬಂತು: ರಕ್ತ ನಿಲ್ಲುತ್ತಿಲ್ಲ, ಯಾರದಾದರೂ ರಕ್ತ ಬೇಕು. ಚಿರಾಗ್ ದೀನ್ ಎಣ್ಣೆಗೈ ಒರೆಸಿಕೊಳ್ಳದೆ ಓಡಿದ. ಅವನ ಗುಂಪು ಹೊಂದಿತು, ಕೊಟ್ಟ.

ರಕ್ತ ಕೊಟ್ಟವನನ್ನು ಹಿತ್ತಲ ಕಟ್ಟೆಯ ಮೇಲೆ ಕೂರಿಸಿ ಹಾಲು ಕೊಟ್ಟರು. ಎದುರಿಗೆ ನಲ್ಲಿಯ ಕೆಳಗೆ ಆಯಾ ಒಬ್ಬಳು ಆಪರೇಷನ್ನಿನ ಸಾಮಾನು ತೊಳೆಯುತ್ತಿದ್ದಳು. ಇಕ್ಕಳ ಕಂಡರೆ ಚಿರಾಗ್ ದೀನನ ಕೈ ಸುಮ್ಮನಿರುವುದಿಲ್ಲ. ಒಂದನ್ನೆತ್ತಿ ಹಲ್ಲು ಸಿಕ್ಕಿಸಿ ಕಟ್ಟೆಗೆ ತಟ್ಟಿದ. ಬಾಯಿ ಬಿಟ್ಟಿತು.

"ಅದನ್ನ ಆ ಕಡೆ ಹಾಕಿ ಚಾಚಾ," ಎಂದಳು ಆಯಾ. "ದರಿದ್ರದ್ದು ಅದೇ. ನಾಳ ಹಿಡ್ಕೊಂಡಿದ್ದು ನಡುವೆ ಬಿಟ್ಬಿಡ್ತಂತೆ. ಡಾಕ್ಟ್ರಮ್ಮ ಕಿರುಚಿಕೊಂಡು ಗೋಡೆಗೆ ಎಸೆದ್ರು. ಆ ಹುಡುಗಿ ರಕ್ತ ಎಲ್ಲಾ ನೆಲಕ್ಕೇ ಹೋಯ್ತು."

ಚಿರಾಗ್ ದೀನ್ ಉಂಗುರದ ಒಳಗೆ ಬೆರಳು ತೂರಿಸಿ ನೋಡಿದ. ಓರೆಯಾಗಿ ಎಳೆದ ಅರದ ಗೆರೆ ಬೆರಳಿಗೆ ಸಿಕ್ಕಿತು. ಉಸ್ತಾದರ ಕೈ. ತಾನೇ ತಟ್ಟಿ, ಆಗದು ಎಂದು ಬುಟ್ಟಿಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಅವರ ಚೀಲಕ್ಕೆ ಸೇರಿಸಿದ ಇಕ್ಕಳ. ಉಳಿದ ಹಾಲು ಕುಡಿಯದೆ ಲೋಟವನ್ನು ಕಟ್ಟೆಯ ಮೇಲೇ ಇಟ್ಟ. ರಕ್ತ ಕೊಟ್ಟ ಸುಸ್ತು ಎಂದುಕೊಂಡಳು ಆಯಾ.

ಅವನು ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ಮುಂದಿನ ಪಡಸಾಲೆಗೆ ಬಂದಾಗ ಉಸ್ತಾದ್ ಗೋಡೆಗೆ ಒರಗಿ ಕೂತಿದ್ದರು, ಕೈಯಲ್ಲಿ ಜಪಮಣಿ.

"ಯಾಕೆ ಹಿಂಗಾಯ್ತಂತೆ ಚಿರಾಗಾ? ಏನಾದ್ರೂ ಹೇಳಿದ್ರಾ?"

"ಅಲ್ಲಾಹನ ಇಚ್ಛೆ ಉಸ್ತಾದ್‌ಜೀ," ಎಂದ. ಅಲ್ಲಾಹನ ಮೇಲೆ ಅಷ್ಟು ದೊಡ್ಡ ಆರೋಪ ಹೊರಿಸಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಕುಲ್ಸುಮ್ ಉಳಿದಳು. ಗಂಡು ಮಗುವೂ ಉಳಿಯಿತು. ಆದರೆ ರಕ್ತ ನಿಲ್ಲಿಸಲು ಗರ್ಭಕೋಶವನ್ನೇ ತೆಗೆಯಬೇಕಾಯಿತು. ಗುಜ್ರಾನ್‌ವಾಲಾದವರು ಬಂದು ಮಗುವಿನ ಮುಖ ನೋಡಿ, ಸಕ್ಕರೆ ಹಂಚಿ ಹೋದವರು ಸೊಸೆಯನ್ನು ಕರೆದೊಯ್ಯಲು ಮತ್ತೆ ಬರಲಿಲ್ಲ. ಒಂದೇ ಮಗುವಿನ ಮನೆ ಮನೆಯೇ ಎಂದು ಅತ್ತೆ ಯಾರ ಹತ್ತಿರವೋ ಆಡಿದ ಮಾತು ಕೋಟ್ಲಿಗೆ ಬಂತು. ಆಮೇಲೆ ಗಂಡನಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು.

ಉಸ್ತಾದ್ ಮುಂದಿನ ಗಂಟು ತಂದ ದಿನ ಕಾರ್ಖಾನೆಯಲ್ಲಿ ಕೋಟ್ಲಿಯ ಅರ್ಧ ಊರು ಸಾಲು ನಿಂತಿತ್ತು. ಚಿರಾಗ್ ದೀನ್ ಮೇಜಿನ ಪಕ್ಕಕ್ಕೆ ಮುರಿಯುವ ಪ್ರೆಸ್ಸನ್ನು ಎಳೆಸಿಕೊಂಡಿದ್ದ. ಬೆಳಗಿನಿಂದ ಫೇಲಾದದ್ದನ್ನೆಲ್ಲ, ಯಾರದೇ ಇರಲಿ, ಅವರೆದುರೇ ಕೀಲಿಗೆ ಕೊಟ್ಟು ಮುರಿಯುತ್ತಿದ್ದ. ಮೊದಲು ಜನ ತಮಾಷೆ ಎಂದುಕೊಂಡರು.

"ಏನ್ ಚಾಚಾ, ಇವತ್ತು ಫೋಟೋ ತೆಗೆಯೋನು ಎಲ್ಲಿ ಅಡಗಿದ್ದಾನೆ?" ಎಂದು ತೌಕೀರ್ ಮ್ಯಾನೇಜರನೂ ನಕ್ಕ. ಪ್ರೆಸ್ಸು ನಿಲ್ಲದ್ದು ನೋಡಿ ಅವನ ನಗು ನಿಂತಿತು.

ಉಸ್ತಾದರ ಸರದಿ ಬಂತು. ಚಿರಾಗ್ ದೀನ್ ಮೊದಲನೆಯದನ್ನು ತಟ್ಟಿದ, ಹಿಡಿಯಿತು. ಎರಡನೆಯದು ಬಾಯಿ ಬಿಟ್ಟಿತು. ಅವನ ಕೈ ಒಂದು ಗಳಿಗೆ ತಡೆಯಿತು, ಆಮೇಲೆ ಪ್ರೆಸ್ಸಿಗೆ ಹೋಯಿತು. ಮುರಿದ ಸದ್ದಿಗೆ ಸಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಮೂರನೆಯದು ಮುರಿದ, ನಾಲ್ಕನೆಯದು ಮುರಿದ.

"ಚಿರಾಗಾ," ಎಂದರು ಉಸ್ತಾದ್ ಮೆಲ್ಲಗೆ. "ನಾನು ಹೋದ್ಮೇಲೆ ಮುರಿಯೋ. ಅಷ್ಟು ಮಾಡು."

"ಜರ್ಮನಿಯವರ ಹುಕುಂ ಉಸ್ತಾದ್‌ಜೀ. ತಂದವರ ಎದುರೇ ಮುರೀಬೇಕಂತೆ."

"ಹುಕುಂ ನಿನ್ನೆ ಮೊನ್ನೇದಲ್ವಲ್ಲೋ."

ಚಿರಾಗ್ ದೀನ್ ಐದನೆಯದನ್ನು ಪ್ರೆಸ್ಸಿಗೆ ಕೊಟ್ಟ. ಉಸ್ತಾದ್ ಮುರಿದ ತುಂಡುಗಳನ್ನು ತಡಕಾಡಿ ಹೆಗಲ ವಸ್ತ್ರದಲ್ಲಿ ಆರಿಸಿ ಕಟ್ಟಿಕೊಂಡರು. ಒಂದು ತುಂಡು ನೆಲಕ್ಕೆ ಬಿದ್ದದ್ದು ಅವರಿಗೆ ಕಾಣಲಿಲ್ಲ. ಎತ್ತಿಕೊಡಲು ಚಿರಾಗ್ ದೀನ್ ಬಗ್ಗಿದ. ಅವರು ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಹೊರಗೆ ನಡೆದಿದ್ದರು.

ಅಲ್ಲಿಂದ ಮುಂದೆ ಕೋಟ್ಲಿಯಲ್ಲಿ ಅವನ ಹೆಸರು ಜರ್ಮನ್ ದೀನ್. ಚಹದಂಗಡಿಗೆ ಹೋದರೆ, "ಸಾಹೇಬ್ರಿಗೆ ಬೆಂಚು ಒರೆಸ್ರೋ, ಅವರ ಪ್ಯಾಂಟು ಕೊಳೆಯಾದೀತು" ಎನ್ನುತ್ತಿದ್ದರು, ಅವನು ಹುಟ್ಟಿದಾಗಿನಿಂದ ಸಲ್ವಾರ್ ಬಿಟ್ಟು ಬೇರೇನೂ ತೊಟ್ಟವನಲ್ಲದಿದ್ದರೂ. ಸಲಾಮು ಹೇಳಿದರೆ ಅರ್ಧ ಜನಕ್ಕೆ ಕೇಳಿಸುತ್ತಿರಲಿಲ್ಲ. ಮಸೀದಿಯಲ್ಲಿ ಅವನ ಪಕ್ಕದವರು ಭುಜಕ್ಕೆ ಭುಜ ತಾಗಿಸದೆ ನಿಲ್ಲುತ್ತಿದ್ದರು. ಹೆಂಡತಿ ಸಕೀನಾ ಮಾತ್ರ ಎದುರಿಗೇ ಕೇಳಿದಳು: "ಉಂಡ ಅನ್ನಕ್ಕೆ ಮಣ್ಣು ಹಾಕಿದ್ರಲ್ಲ. ಯಾರು ಮಾಡಿಸಿದ್ದು ಹೇಳಿ. ಹಾಜಿ ಸಾಹೇಬ್ರಾ?"

ಅವನು ಅವಳಿಗೂ ಹೇಳಲಿಲ್ಲ. ಹೇಳಲು ಇದ್ದದ್ದು ಒಂದೇ ಒಂದು ಮಾತು. ಅದನ್ನು ಆಡಿದರೆ ಊರು ಅವನನ್ನು ಮತ್ತೆ ಹತ್ತಿರ ಕೂರಿಸಿಕೊಳ್ಳುತ್ತಿತ್ತು. ಆದರೆ ಅದು ಸಂಜೆಯೊಳಗೆ ಉಸ್ತಾದರ ಕಿವಿಗೆ ಬೀಳುತ್ತಿತ್ತು: ನಿನ್ನ ಮೊಮ್ಮಗಳ ಬಾಳು ಕೆಡಿಸಿದ್ದು ನಿನ್ನದೇ ಕೈ. ಆ ಮಾತು ಕೇಳಿ ಆ ಮುದುಕ ಬದುಕುವುದಿಲ್ಲ ಎಂದು ಅವನು ನಂಬಿದ್ದ. ತಾನು ಬೈಸಿಕೊಂಡಿರುವುದೇ ವಾಸಿ ಎಂದು ತೀರ್ಮಾನಿಸಿದ. ಸರಿಯೋ ತಪ್ಪೋ ನಾನು ಹೇಳಲಾರೆ. ಸುಲಭವಾಗಿರಲಿಲ್ಲ ಎಂಬುದನ್ನು ಮಾತ್ರ ಬಲ್ಲೆ. ಕಾರ್ಖಾನೆಯಲ್ಲಿ ಅವನ ಪ್ರೆಸ್ಸು ನಿಲ್ಲಲಿಲ್ಲ. ಮುರಿದದ್ದನ್ನು ಹಾಜಿ ಸಾಹೇಬರು ಫೋಟೋ ತೆಗೆಸಿ ಜರ್ಮನಿಗೆ ಕಳಿಸಿದರು, ಅಲ್ಲಿಂದ ಶಭಾಷ್ ಬಂತು. ಅದನ್ನು ತೌಕೀರ್ ಓದಿ ಹೇಳಿದಾಗ ಚಿರಾಗ್ ದೀನ್ ಎದ್ದು ಹೊರಗೆ ಹೋದ.

ಗೋಧಿ ಕೊಯ್ಲು ಮುಗಿದ ಮೇಲೆ ಒಂದು ದಿನ ಕುಲ್ಸುಮ್ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅವನ ಅಂಗಳಕ್ಕೆ ಬಂದಳು. ಸಕೀನಾ ಮಂಚ ತೋರಿಸಿದರೂ ಕೂರಲಿಲ್ಲ.

"ಚಾಚಾ, ನಿಮ್ಮ ರಕ್ತ ನನ್ನ ಮೈಯಲ್ಲಿದೆ. ತೆಗೆದುಕೊಡೋ ಹಾಗಿದ್ರೆ ಇವತ್ತೇ ಕೊಟ್ಟು ಋಣ ಹರ್ಕೊಳ್ತಿದ್ದೆ."

"ಕೂತ್ಕೋ ಮಗಳೇ."

"ಕೂರಕ್ಕೆ ಬಂದಿಲ್ಲ. ನನ್ನ ದಾದಾ ನಿಮಗೇನು ಮಾಡಿದ್ರು? ರೊಟ್ಟಿ ಕೊಟ್ಟಿದ್ದು ತಪ್ಪಾಯ್ತಾ? ಊರೆಲ್ಲ ನೋಡೋ ಹಾಗೆ ಅವರ ಕೈ ಮುರಿದ್ರಿ. ಅವತ್ತಿಂದ ಅರ ಮುಟ್ಟಿಲ್ಲ ಅವರು. ಬೆಂಚು, ವೈಸು ಎಲ್ಲ ಮಾರಿದ್ರು. ಈಗ ತಲೆ ಕೆಟ್ಟಿದೆ. ಬೆಳಗಾದ್ರೆ ಚೀಲ ಹಿಡ್ಕೊಂಡು ಬಸ್ ಹತ್ತೋದು. ಡಸ್ಕಾ, ಪಸ್ರೂರ್, ಸಂಬ್ರಿಯಾಲ್. ಆಸ್ಪತ್ರೆ ಆಸ್ಪತ್ರೆಗೂ ಹೋಗಿ, ನಿಮ್ಮ ಹಳೇ ಇಕ್ಕಳ ತೋರ್ಸಿ ಅಂತ ಕೈ ಮುಗಿಯೋದು. ಕೂತು ಒಂದೊಂದೇ ತಟ್ಟಿ ನೋಡ್ತಾರಂತೆ. ಕೆಟ್ಟದ್ದು ಸಿಕ್ರೆ ದುಡ್ಡು ಕೊಟ್ಟು ತಗೊಳ್ತಾರಂತೆ. ಕಾಂಪೌಂಡರುಗಳು ಹುಚ್ಚ ಅಂತ ಗೇಟಿಂದ ಆಚೆ ಹಾಕ್ತಾರೆ. ನನ್ನ ದಾದಾನ್ನ! ಇದನ್ನೆಲ್ಲ ಮಾಡಿದ್ದು ನೀವು."

ಅವಳು ಕೂರದ ಮಂಚದ ಮೇಲೆ ಚಿರಾಗ್ ದೀನನೇ ಕೂತ. ನಾಚಿಕೆಯಿಂದ ಕೂತ ಎಂದುಕೊಂಡು ಅವಳು ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಇಕ್ಕಳಗಳನ್ನು ತಟ್ಟಿ ನೋಡುವ ಮುದುಕ ಹುಚ್ಚನಲ್ಲ, ಎಲ್ಲ ಗೊತ್ತಾದವನು ಎಂದು ಅವಳಿಗೆ ಹೇಳುವವರು ಯಾರು?

ರಜೆಯ ದಿನ ಅವನು ಹುಡುಕಿಕೊಂಡು ಹೋದ. ಪಸ್ರೂರಿನ ಒಂದು ಆಸ್ಪತ್ರೆಯ ಹೊರಗೆ, ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಉಸ್ತಾದ್ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹತ್ತಿರ ಹೋಗಿ ಸಲಾಮು ಹೇಳಿದ.

"ಬಂದ್ಯಾ," ಎಂದರು, ತಲೆ ಎತ್ತದೆ. "ಕೂತ್ಕೋ."

"ಯಾವಾಗ ಗೊತ್ತಾಯ್ತು ಉಸ್ತಾದ್‌ಜೀ?"

"ನೀನು ಮುರಿದ ದಿನವೇ. ಇಷ್ಟು ವರ್ಷ ಜರ್ಮನಿಯವರಿಗೆ ಹೆದರದೋನು ಇವತ್ಯಾಕೆ ಹೆದರಿದ ಅಂತ ದಾರಿಯುದ್ದಕ್ಕೂ ಯೋಚಿಸ್ದೆ. ಕುಲ್ಸುಮ್ ಹೊಟ್ಟೆ ಕೊಯ್ದ ಮೇಲೇ ನೀನು ಹಿಂಗಾಗಿದ್ದು ಅಂತ ಹೊಳೀತು. ಕಣ್ಣು ಹೋಗಿದೆ ಕಣೋ, ತಲೆ ಹೋಗಿಲ್ಲ. ಮಾರನೇ ದಿನ ಆ ಆಸ್ಪತ್ರೆಗೆ ಹೋದೆ. ಆಯಾ ಹೇಳಿದ್ಲು, ನಾಳ ಬಿಟ್ಟ ಇಕ್ಕಳವನ್ನ ರಕ್ತ ಕೊಟ್ಟೋನು ಜೇಬಿಗಿಟ್ಕೊಂಡು ಹೋದ ಅಂತ."

ಚಿರಾಗ್ ದೀನ್ ಬೆಂಚಿನ ತುದಿಯಲ್ಲಿ ಕೂತ.

"ನಿಮ್ಮ ಕೈ ಒಂದೇ ಅಲ್ಲ," ಎಂದ ಚಿರಾಗ್ ದೀನ್. "ಆಗಲ್ಲ ಅಂತ ಗೊತ್ತಿದ್ದೂ ನಿಮ್ಮ ಚೀಲಕ್ಕೆ ಹಾಕ್ದೋನು ನಾನು. ಮರ್ಯಾದೆ ಕಾಯ್ತಿದೀನಿ ಅಂದ್ಕೊಂಡಿದ್ದೆ."

"ನಾನೂ ಅದನ್ನೇ ಅಂದ್ಕೊಂಡಿದ್ದೆ." ಉಸ್ತಾದ್ ಚೀಲದ ಮೇಲೆ ಕೈಯಾಡಿಸಿದರು. "ಅವಳಿಗೆ ಹೇಳಕ್ಕೆ ನಾಲಿಗೆ ಏಳಲ್ಲ ಚಿರಾಗಾ."

"ಹೇಳ್ಬೇಡಿ. ನನ್ನನ್ನ ಬೈಕೊಂಡಿರ್ಲಿ. ಅಭ್ಯಾಸ ಆಗಿದೆ."

"ಬೈಸ್ಕೊಳ್ಳೋದು ನೀನು, ಅವಳು ಸುಟ್ಟ ರೊಟ್ಟಿ ತಿನ್ನೋದು ನಾನು. ಹಂಚಿಕೆ ಚೆನ್ನಾಗಿದೆ." ಉಸ್ತಾದ್ ಎದ್ದು ಅವನ ತೋಳು ಹಿಡಿದರು. "ನಡಿ. ಮನೆವರೆಗೂ ಬಾ. ಒಬ್ನೇ ಹೋದ್ರೆ ಮತ್ತೆ ಹೇಳಲ್ಲ ನಾನು."

ಬಸ್ಸಿಳಿದು ಇಬ್ಬರೂ ಜೊತೆಯಾಗಿ ಕೋಟ್ಲಿಯ ಬೀದಿಯಲ್ಲಿ ನಡೆದದ್ದನ್ನು ಕಂಡು ಚಹದಂಗಡಿಯವರು ಲೋಟ ಹಿಡಿದೇ ನಿಂತರು. ಕುಲ್ಸುಮ್ ಅಂಗಳದ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಅಜ್ಜನ ಹಿಂದೆ ಚಿರಾಗ್ ದೀನನನ್ನು ಕಂಡು ಮುಖ ತಿರುಗಿಸಿದಳು. ಉಸ್ತಾದ್ ಅವಳ ಎದುರಿಗೆ ನೆಲದ ಮೇಲೇ ಕೂತು ಹೇಳಿದರು. ಸುತ್ತಿ ಬಳಸಿ ಹೇಳಲಿಲ್ಲ. ಇಕ್ಕಳ ನನ್ನದು, ಕೆಟ್ಟದ್ದು ಅಂತ ಗೊತ್ತಿತ್ತು, ಮಾರಿದೆ, ಅದು ನಿನ್ನ ಹೊಟ್ಟೆಗೆ ಬಂತು ಎಂದರು. ವಾಪಸ್ ಕೊಟ್ಟವನು ನಾನು ಎಂದು ಚಿರಾಗ್ ದೀನ್ ಸೇರಿಸಿದ.

ಕುಲ್ಸುಮ್‌ಳ ಕೈ ಹಿಟ್ಟಿನಲ್ಲೇ ನಿಂತಿತು. ತೊಟ್ಟಿಲಿನಲ್ಲಿ ಮಗು ಏನೋ ತೊದಲುತ್ತಿತ್ತು. ಅವಳು ಅಳುತ್ತಾಳೆ, ಕೂಗಾಡುತ್ತಾಳೆ ಎಂದು ಇಬ್ಬರೂ ಕಾದರು. ಅವಳು ಬಹಳ ಹೊತ್ತು ಅಜ್ಜನ ಕೈಗಳನ್ನೇ ನೋಡಿದಳು. ಆಮೇಲೆ ಕೇಳಿದಳು:

"ನನ್ನ ಹಾಗೆ ಇನ್ನೆಷ್ಟು ಜನ ದಾದಾ?"

ಉಸ್ತಾದ್ ಚಿರಾಗ್ ದೀನನ ಕಡೆ ತಿರುಗಿದರು.

"ಗೊತ್ತಿಲ್ಲ ಮಗಳೇ," ಎಂದ ಅವನು. "ಜರ್ಮನಿಗೆ ಹೋದದ್ದಕ್ಕೆ ಒಂದೊಂದಕ್ಕೂ ಲೆಕ್ಕ ಇದೆ. ಇಲ್ಲಿ ಉಳಿದದ್ದನ್ನ ಯಾರೂ ಎಣಿಸಿಲ್ಲ."

ಅವಳು ಎದ್ದು ಕೈ ತೊಳೆದುಕೊಂಡು ಬಂದು ಅಜ್ಜನ ಚೀಲ ಬಿಚ್ಚಿ ನೋಡಿದಳು. ತಳದಲ್ಲಿ ಒಂದಷ್ಟು ಇಕ್ಕಳ ಬಿದ್ದಿದ್ದವು, ಅಷ್ಟೇ.

"ಇಷ್ಟು ತಿಂಗಳು ಅಲೆದು ಇಷ್ಟೇನಾ?"

"ಹೆಂಗಸರ ವಾರ್ಡಿನೊಳಗೆ ಬಿಡಲ್ಲ ಮಗಾ. ಬಾಗಿಲಲ್ಲೇ ನಿಲ್ಲಿಸ್ತಾರೆ."

"ನನ್ನನ್ನ ಬಿಡ್ತಾರೆ," ಎಂದಳು ಕುಲ್ಸುಮ್. ಚೀಲದಿಂದ ಒಂದು ಇಕ್ಕಳ ತೆಗೆದು ಚಿರಾಗ್ ದೀನನ ಮುಂದೆ ಹಿಡಿದಳು. "ಹೇಗೆ ತಟ್ಟೋದು ತೋರ್ಸಿ."

ಅವನು ತೋರಿಸಿದ. ಮರುದಿನ ಮಗುವನ್ನು ಸಕೀನಾಳ ಕೈಗೆ ಕೊಟ್ಟು ಅವಳು ಅಜ್ಜನ ಜೊತೆ ಬಸ್ ಹತ್ತಿದಳು, ಅದರ ಮರುದಿನವೂ ಹತ್ತಿದಳು. ಅವರಿಬ್ಬರನ್ನು ಕ್ಷಮಿಸಿದೆ ಎಂದು ಅವಳು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.